ಕಾಗಿಣೆಯ ದಡದ ಧೂಳಿಚಿತ್ರ

ದಂಡೋತಿಯೆಂಬ ಊರಿನ ಹೆಸರನ್ನು ದೂರದವರು ಕೇಳುವುದು ಬಹುಮಟ್ಟಿಗೆ ಮಳೆಗಾಲದ ವಾರ್ತೆಗಳಲ್ಲಿ. ಕಾಗಿಣೆ ತುಂಬಿ ಹರಿದು, ಅಲ್ಲಿಯ ಸೇತುವೆ ನೀರಿನಡಿಯಾಗಿ, ಚಿತ್ತಾಪುರದ ಕಡೆಯ ವಾಹನಗಳು ದಡದಲ್ಲಿಯೇ ನಿಂತಾಗ ಪತ್ರಿಕೆಗಳು ಆ ಊರನ್ನು ನೆನೆಯುತ್ತವೆ. ಆ ನೀರು ಇಳಿದು, ಹೊಲದ ತೊಗರಿ ಹೂವಾಗಿ ಕಾಯಾಗಿ, ಎಳ್ಳ ಅಮಾವಾಸ್ಯೆಯ ದಿನ ಬಂಧುಬಳಗವೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದ ಮೇಲೆ, ಸಂಕ್ರಾಂತಿಯ ಹೊತ್ತಿಗೆ ಕಲಬುರಗಿಯ ಈ ಸೀಮೆಯ ಅಂಗಳಗಳಲ್ಲಿ ನಡೆಯುವ ಒಂದು ವಿದ್ಯಾಭ್ಯಾಸವು ವಾರ್ತೆಯಾಗುವುದು ವಿರಳ. ಸೇಡಮ್ಮಿನಲ್ಲಾಗಲಿ ವಾಡಿಯಲ್ಲಾಗಲಿ, ಶಹಾಬಾದಿನ ಕಲ್ಲುಗಣಿಗಳ ಸುತ್ತಣ ಓಣಿಗಳಲ್ಲಾಗಲಿ ಚಿಂಚೋಳಿಯ ಕಾಡಂಚಿನ ತಾಂಡಾಗಳಲ್ಲಾಗಲಿ, ಮುಂಜಾನೆಯ ಕೆಲಸ ಮುಗಿದು ಅಡುಗೆಗೆ ಇನ್ನೂ ಹೊತ್ತಿರುವಾಗ, ನೀರಿನ ಚೊಂಬಿಗೆ ಮೊಬೈಲನ್ನು ಆನಿಸಿ ನಿಲ್ಲಿಸಿ, ಅದರೊಳಗೆ ಕಾಣುವ ಅಪರಿಚಿತ ಕೈಯೊಂದರ ಚಲನೆಯನ್ನು ನೋಡಿ, ತಡೆದು, ಹಿಂದಕ್ಕೆ ಸರಿಸಿ, ಮತ್ತೊಮ್ಮೆ ನೋಡಿ, ಬೆರಳ ಸಂದಿನಿಂದ ಪುಡಿ ಬಿಡುವುದನ್ನು ಕಲಿಯುವ ಹೆಣ್ಣುಮಕ್ಕಳನ್ನು ಕಾಣಬಹುದು. ಶಾಲೆಯ ಪ್ರತಿಭಾ ಕಾರಂಜಿಯೋ, ಸ್ವಸಹಾಯ ಸಂಘದ ಮಹಿಳಾ ದಿನಾಚರಣೆಯೋ, ಗಣೇಶ ಮಂಡಳಿಯವರು ಏರ್ಪಡಿಸಿದ ಪಂದ್ಯವೋ, ಒಂದಲ್ಲ ಒಂದು ರಂಗೋಲಿ ಸ್ಪರ್ಧೆಯ ದಿನ ಗೊತ್ತಾಗಿರುತ್ತದೆ. ಆ ದಿನದೊಳಗೆ ಹಿಂದೆಂದೂ ಮಾಡದುದನ್ನು ಮಾಡಿ ತೋರಿಸಬೇಕೆಂಬ ಛಲ ಮನೆಮನೆಯಲ್ಲಿ ಹುಟ್ಟಿಕೊಂಡಿರುತ್ತದೆ. ಈ ಛಲವನ್ನೂ ಈ ಕಲಿಕೆಯನ್ನೂ ಲಘುವಾಗಿ ಕಾಣಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ನದಿಯ ದಡದಲ್ಲಿ ಕಲೆಯನ್ನು ಕಲಿಸುವ ಗ್ರಂಥಗಳಿಗೆ ಬಹುಕಾಲದ ಇತಿಹಾಸವಿದೆ. ಅಂಗಳದ ಪುಡಿಯ ಚಿತ್ರಕ್ಕೆ ಆ ಇತಿಹಾಸದಲ್ಲಿ ಮರ್ಯಾದೆಯ ಸ್ಥಾನವೂ ಇದೆ.

ಮೊದಲಿನ ಕಲಿಕೆ ಹೇಗಿತ್ತೆಂಬುದನ್ನು ನೆನೆದರೆ ಈಗಿನದರ ವಿಶೇಷವು ಸ್ಪಷ್ಟವಾಗುತ್ತದೆ. ತಾಯಿಯ ಕೈ ನೋಡಿ ಕಲಿತದ್ದು ಮೊದಲ ಪಾಠ. ಎರಡನೆಯದು ನೋಟುಪುಸ್ತಕ: ಚೌಕುಳಿ ಗೆರೆಯ ಹಾಳೆಗಳ ಮೇಲೆ ಪೆನ್ಸಿಲಿನಿಂದ ಚುಕ್ಕಿಯಿಟ್ಟು, ತವರಿನಿಂದ ಗಂಡನ ಮನೆಗೆ, ಅಕ್ಕನಿಂದ ತಂಗಿಗೆ, ನೆರೆಮನೆಯಿಂದ ನೆರೆಮನೆಗೆ ಎರವಲು ಹೋಗುತ್ತ ಅಂಚು ಸವೆದ ಪುಸ್ತಕ. ಅದರಲ್ಲಿ ಪ್ರತಿಯೊಂದು ಚಿತ್ರದ ಕೆಳಗೂ ಒಂದು ಸೂತ್ರವಿರುತ್ತಿತ್ತು: ಹದಿನೈದು ಚುಕ್ಕಿ, ಎಂಟರವರೆಗೆ, ಸಂದು ಚುಕ್ಕಿ. ಬಲ್ಲವರಿಗೆ ಇಷ್ಟೇ ಸಾಕು. ನಡುವಣ ಸಾಲಿನಲ್ಲಿ 15 ಚುಕ್ಕಿ. ಅದರ ಮೇಲೂ ಕೆಳಗೂ, ಎರಡು ಚುಕ್ಕಿಗಳ ನಡುವಣ ಸಂದಿಗೆ ಒಂದರಂತೆ 14, ಅನಂತರ 13, ಹೀಗೆ ಇಳಿಯುತ್ತ 8ಕ್ಕೆ ನಿಲ್ಲಿಸತಕ್ಕದ್ದು. ಒಟ್ಟು ಸಾಲುಗಳು 15, ಒಟ್ಟು ಚುಕ್ಕಿಗಳು 169. ಎಲ್ಲ ಸೇರಿ, ಪ್ರತಿಯೊಂದು ಬದಿಯಲ್ಲಿಯೂ ಎಂಟೆಂಟು ಚುಕ್ಕಿಗಳಿರುವ ಷಟ್ಕೋನ. ಅಳತೆಪಟ್ಟಿಯಿಲ್ಲದೆ, ದಾರವಿಲ್ಲದೆ, ಕಣ್ಣಳತೆಯೊಂದರಿಂದಲೇ ಈ ಷಟ್ಕೋನವನ್ನು ನೆಲದ ಮೇಲೆ ಇಳಿಸಿ, ಅದರ ಮೇಲೆ ಎಳೆ ಕಡಿಯದೆ ಸುತ್ತಿಸುವ ಕೌಶಲವನ್ನು ಅಕ್ಷರ ಬಾರದ ಅಜ್ಜಿಯರೂ ಹೊಂದಿದ್ದರೆಂಬುದನ್ನು ನೆನೆದಾಗ, ಗಣಿತವು ಪಾಠಶಾಲೆಯಲ್ಲಿಯೇ ಹುಟ್ಟಿತೆಂದು ನಂಬುವುದು ಕಷ್ಟವಾಗುತ್ತದೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಇಂಥ ಚುಕ್ಕಿಯ ಚಿತ್ರಗಳನ್ನೇ ಆಧಾರವಾಗಿ ಹಿಡಿದು, ಗಣಕಶಾಸ್ತ್ರದಲ್ಲಿ ಚಿತ್ರಗಳ ವ್ಯಾಕರಣವನ್ನು ನಿರೂಪಿಸಿದರು.

ಆದರೆ ನೋಟುಪುಸ್ತಕಕ್ಕೆ ಒಂದು ಮಿತಿಯಿತ್ತು. ಅದು ಮುಗಿದ ಚಿತ್ರವನ್ನು ತೋರಿಸುತ್ತಿತ್ತೇ ಹೊರತು, ಎಳೆ ಎಲ್ಲಿ ಆರಂಭವಾಯಿತು, ಯಾವ ಚುಕ್ಕಿಯನ್ನು ಬಳಸಿ ಎತ್ತ ತಿರುಗಿತು, ಯಾವ ಬಣ್ಣದ ಮೇಲೆ ಯಾವುದು ಬಿತ್ತು ಎಂಬ ಕ್ರಮವನ್ನು ಹೇಳುತ್ತಿರಲಿಲ್ಲ. ಕಲೆಯ ರಹಸ್ಯವಿರುವುದಾದರೋ ಬಹುತೇಕ ಈ ಕ್ರಮದಲ್ಲಿಯೇ. ಅದನ್ನು ಕಾಣಬೇಕಾದರೆ ಬಲ್ಲವರ ಕೈಯ ಪಕ್ಕದಲ್ಲಿ ಕುಳಿತಿರಬೇಕು. ಬಲ್ಲವರು ದೂರವಿದ್ದರೆ ಅಲ್ಲಿಗೆ ಹೋಗಬೇಕು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಊರಿನಲ್ಲಿ ಶಂಕರರಾವ್ ಆಳಂದಕರರ ಬಳಿ ಅಭ್ಯಾಸ ಮಾಡಿ, ಅಲ್ಲಿಂದ ಮುಂದಿನ ವಿದ್ಯೆಗಾಗಿ ಮದರಾಸಿಗೆ ಹೋದರು. ಅನಂತರ ಮುಂಬಯಿಗೆ ಹೋಗಿ, ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ ಜೆ.ಜೆ. ಕಲಾಶಾಲೆಯಲ್ಲಿಯೂ ಕಲಿತರು. ಪುರಾಣದ ದೇವದೇವತೆಯರಿಗೆ ಅವರು ಕೊಟ್ಟ ಮಾಂಸಲವಾದ, ಕಾಂತಿಯುಕ್ತವಾದ ರೂಪಗಳು ಕ್ಯಾಲೆಂಡರುಗಳಾಗಿ ಮುದ್ರಣಗೊಂಡು ಹಳ್ಳಿಹಳ್ಳಿಯ ಗೋಡೆಗಳನ್ನು ಸೇರಿದುವು. ಚಿತ್ರ ಹಳ್ಳಿಗೆ ಬಂದಿತು; ಚಿತ್ರ ಬರೆಯುವ ಕೈ ಮಾತ್ರ ಬರಲಿಲ್ಲ. ಆ ಮೈಬಣ್ಣ ಹೇಗೆ ಮೂಡಿತು, ನೆರಳಿನಲ್ಲಿ ಯಾವ ವರ್ಣ ಅಡಗಿದೆ ಎಂದು ಗೋಡೆಯ ಮುಂದೆ ನಿಂತು ಯೋಚಿಸಿದ ಮಕ್ಕಳೆಷ್ಟೋ ಇದ್ದಾರು. ಅವರಿಗೆ ಉತ್ತರ ಕೊಡುವವರು ಹತ್ತಿರದಲ್ಲಿರಲಿಲ್ಲ. ಇಂದು ಕಲಬುರಗಿಯಲ್ಲಿಯೇ ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯದಂತಹ ಸಂಸ್ಥೆಯಿದೆ. ಆದರೂ ಮನೆಗೆಲಸ, ಹೊಲಗೆಲಸ, ಬಸ್ಸಿನ ವೇಳೆ, ಹಿರಿಯರ ಅನುಮತಿ, ಇವುಗಳ ನಡುವೆ ಬದುಕುವ ಹೆಣ್ಣುಮಗಳಿಗೆ ಜಿಲ್ಲಾ ಕೇಂದ್ರವೂ ಬಹುದೂರವೇ.

2016ರಿಂದೀಚೆಗೆ ಅಂತರ್ಜಾಲವು ಅಗ್ಗವಾಗಿ ಈ ದೂರವನ್ನು ಒಂದು ರೀತಿಯಲ್ಲಿ ಕಳೆದಿದೆ. ಸೋಲಾಪುರದವರೋ ಹೈದರಾಬಾದಿನವರೋ ಆದ ಯಾರದೋ ಕೈ, ಮುಖವನ್ನು ತೋರಿಸದೆ, ಗೆರೆಯ ಕ್ರಮವನ್ನೆಲ್ಲ ಬಿಚ್ಚಿ ತೋರಿಸುತ್ತದೆ. ಭಾಷೆ ಇಲ್ಲಿ ಅಡ್ಡಿಯಾಗುವುದಿಲ್ಲ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಸೀಮೆಯಲ್ಲಿ ಉರ್ದು, ತೆಲುಗು, ಮರಾಠಿಗಳು ಸಂತೆಯಲ್ಲಿಯೂ ನೆಂಟಸ್ತಿಕೆಯಲ್ಲಿಯೂ ಬೆರೆತುಹೋಗಿವೆ. ಮರಾಠಿಯ ಪಾಠವನ್ನು ಕೇಳಿ, ಮನೆಯಲ್ಲಿ ಕನ್ನಡದಲ್ಲಿ ವಿವರಿಸಿ, ಪಕ್ಕದ ಮನೆಯ ಗೆಳತಿಗೆ ದಖನಿಯಲ್ಲಿ ಹೇಳುವಷ್ಟು ಸಾಮರ್ಥ್ಯ ಇಲ್ಲಿಯ ಹುಡುಗಿಯರಿಗೆ ಸಹಜವಾದದ್ದು. ಐದು ಬೆರಳುಗಳ ಸಂದಿನಿಂದ ಏಕಕಾಲಕ್ಕೆ ಸಮಾನಾಂತರ ಗೆರೆಗಳನ್ನು ಬಿಡುವ ಮಹಾರಾಷ್ಟ್ರದ ಸಂಸ್ಕಾರ ಭಾರತಿ ಶೈಲಿ, ಚಹಾ ಸೋಸುವ ಜರಡಿಯಿಂದ ತೆಳುವಾಗಿ ಹಿನ್ನೆಲೆಯ ಬಣ್ಣ ಹರಡುವ ಉಪಾಯ, ಮೆಹಂದಿಯಂತೆ ಕೋನಿನಲ್ಲಿ ಪುಡಿ ತುಂಬಿ ಸೂಕ್ಷ್ಮವಾದ ಬಳ್ಳಿಯನ್ನೆಳೆಯುವ ವಿಧಾನ, ಇವೆಲ್ಲ ಹೀಗೆ ಬಂದವು. ಮೆಹಂದಿಯ ಕೋನ್ ಹಿಡಿದು ಪಳಗಿದ ಕೈಗೆ ಈ ಕೊನೆಯ ವಿಧಾನ ಬಹುಬೇಗ ಒಲಿಯುತ್ತದೆ.

ಇವುಗಳಲ್ಲಿ ಅತ್ಯಂತ ಕಠಿಣವಾದದ್ದು ವ್ಯಕ್ತಿಚಿತ್ರದ ರಂಗೋಲಿ. ಮೊದಲು ಭಾವಚಿತ್ರದ ಪ್ರತಿಯ ಮೇಲೆ ಚೌಕುಳಿಗಳನ್ನೆಳೆದು, ಅಷ್ಟೇ ಸಂಖ್ಯೆಯ ಚೌಕುಳಿಗಳನ್ನು ದೊಡ್ಡ ಪ್ರಮಾಣದಲ್ಲಿ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತಿಸಿಕೊಂಡು, ಒಂದೊಂದು ಚೌಕದೊಳಗಿನ ಗೆರೆಯನ್ನಷ್ಟೇ ನೋಡುತ್ತ ಇಳಿಸಬೇಕು. ಅನಂತರ ಕೆಂಪು, ಹಳದಿ, ಬಿಳಿ, ಸ್ವಲ್ಪ ಕಪ್ಪು ಕೂಡಿಸಿ ಮೈಬಣ್ಣದ ಮೂರು ನಾಲ್ಕು ಛಾಯೆಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಸಿದ್ಧಮಾಡಿಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವೆ ಚಿಟಿಕೆ ಹಿಡಿದು ಉದುರಿಸುತ್ತ ಹೋಗಬೇಕು. ಇಲ್ಲಿ ತಿದ್ದುವುದಕ್ಕೆ ಅವಕಾಶ ಬಹಳ ಕಡಮೆ. ತೈಲವರ್ಣವನ್ನು ಒರೆಸಬಹುದು, ಜಲವರ್ಣವನ್ನು ತೊಳೆಯಬಹುದು. ಬಿದ್ದ ಪುಡಿಯನ್ನು ಹೆಕ್ಕಲಾಗದು. ಮೇಲೆ ಮತ್ತೊಂದು ಪದರವನ್ನು ಉದುರಿಸಿ ಮುಚ್ಚಬಹುದಷ್ಟೆ. ಪದರ ದಪ್ಪವಾದಷ್ಟೂ ಮುಖದ ಕಾಂತಿ ಮಂಕಾಗುತ್ತದೆ.

ಈ ಪಾಠಪದ್ಧತಿ ಹೊಸದೆಂದು ನಾವು ತಿಳಿಯುತ್ತೇವೆ. ಅದರ ಸಾಮಗ್ರಿ ಹೊಸದು, ಪದ್ಧತಿ ಹಳೆಯದು. ಚಿಂಚೋಳಿಯ ವಾಯವ್ಯಕ್ಕೆ, ಇಂದಿನ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವು ಕಲ್ಯಾಣದ ಚಾಳುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ಸರ್ವಜ್ಞ ಚಕ್ರವರ್ತಿಯೆಂದು ಬಿರುದಾಂಕಿತನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಆ ಮಹಾಗ್ರಂಥದಲ್ಲಿ ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ಎಲ್ಲವೂ ಉಂಟು, ಚಿತ್ರವಿದ್ಯೆಯೂ ಉಂಟು. ಆ ಭಾಗವನ್ನು ಓದುವಾಗ ಪಕ್ಕದಲ್ಲಿ ಕುಳಿತು ಕೈಹಿಡಿದು ಕಲಿಸುವ ಗುರುವಿನ ಧ್ವನಿಯೇ ಕೇಳಿಸುತ್ತದೆ. ಎಮ್ಮೆಯ ಹಸಿಯ ತೊಗಲನ್ನು ಬೆಣ್ಣೆಯಂತೆ ಮೃದುವಾಗುವವರೆಗೆ ನೀರಿನಲ್ಲಿ ಕುದಿಸಿ ವಜ್ರಲೇಪವನ್ನು ಮಾಡಿಕೊಳ್ಳುವುದು, ಅದನ್ನು ಬಿಳಿಯ ಮಣ್ಣಿನೊಡನೆ ಕಲಸಿ ಗೋಡೆಗೆ ಲೇಪದ ಮೇಲೆ ಲೇಪ ಕೊಡುವುದು, ಕಾಡಿಗೆಯನ್ನು ನಾದಿ ಮೊದಲ ಗೆರೆಗಳಿಗೆ ಬೇಕಾದ ವರ್ತಿಕೆಯನ್ನು ಸಿದ್ಧಪಡಿಸುವುದು, ಕರುವಿನ ಕಿವಿಯ ರೋಮಗಳನ್ನು ಅರಗಿನಿಂದ ಕಟ್ಟಿ ಸ್ಥೂಲ, ಮಧ್ಯಮ, ಸೂಕ್ಷ್ಮವೆಂಬ ಮೂರು ಬಗೆಯ ಲೇಖನಿಗಳನ್ನು ಮಾಡುವುದು, ಬಿಳುಪಿಗೆ ಶಂಖದ ಪುಡಿ, ಕೆಂಪಿಗೆ ಇಂಗುಲಿಕ ಕಾವಿಗಳು, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ, ಹೀಗೆ ಒಂದಾದ ಮೇಲೊಂದು. ಮೊದಲು ಇದು, ಅನಂತರ ಅದು ಎಂಬ ಕ್ರಮವೇ ಅಲ್ಲಿಯ ಜೀವಾಳ. ಕನ್ನಡಿಯಲ್ಲಿ ಕಂಡಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರ, ಮನಸ್ಸಿಗೆ ತೋಚಿದಂತೆ ಬರೆದದ್ದು ಅವಿದ್ಧಚಿತ್ರ ಎಂದು ಮೊದಲಾಗಿ ಚಿತ್ರದ ಪ್ರಭೇದಗಳನ್ನು ಹೇಳುವಾಗ ಸೋಮೇಶ್ವರನು ಬಣ್ಣದ ಪುಡಿಗಳಿಂದ ರಚಿಸುವ ಧೂಳಿಚಿತ್ರವನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿದ್ದಾನೆ. ಅರಮನೆಯ ಭಿತ್ತಿಯ ಮೇಲಿನ ಚಿತ್ರಕ್ಕೂ ಹೊಸ್ತಿಲ ಮುಂದಣ ಚಿತ್ರಕ್ಕೂ ಆತನಿಗೆ ಜಾತಿಭೇದ ಕಾಣಲಿಲ್ಲ. ಎಂಟುನೂರು ವರ್ಷಗಳಿಗೂ ಹೆಚ್ಚು ಹಿಂದೆ, ಚಕ್ರವರ್ತಿಯೊಬ್ಬನು ಕೊಟ್ಟ ಈ ಮನ್ನಣೆಯನ್ನು ನಾವು ಈಗ ರಂಗೋಲಿಗೆ ಕೊಡುತ್ತಿದ್ದೇವೆಯೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ದಂಡೋತಿಗಿಂತ ಮೇಲೆ, ಇದೇ ಕಾಗಿಣೆಯ ದಡದಲ್ಲಿ, ಸೇಡಂ ತಾಲ್ಲೂಕಿನ ಮಳಖೇಡವಿದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸಿದ್ಧವಾದ ‘ಕವಿರಾಜಮಾರ್ಗ’ವೂ ಮೂಲತಃ ಒಂದು ಕಲಿಕೆಯ ಕೈಪಿಡಿಯೇ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಗಳ ವಿಚಾರಕ್ಕೆ ಮೀಸಲಾಗಿರುವುದನ್ನು ಗಮನಿಸಬೇಕು. ಕೆಟ್ಟ ಪದ್ಯವನ್ನು ಮುಂದಿಟ್ಟು, ಅದು ಏಕೆ ಕೆಟ್ಟಿತೆಂದು ಹೇಳಿ, ಅದನ್ನೇ ತಿದ್ದಿ ತೋರಿಸುವ ವಿಧಾನ ಅದರದು. ಇಂದಿನ ದೃಶ್ಯಪಾಠಗಳಿಗೆ ಇರುವ ದೊಡ್ಡ ಕೊರತೆಯೆಂದರೆ ಇದೇ. ಅಲ್ಲಿಯ ಕೈ ತಪ್ಪುವುದಿಲ್ಲ. ತಪ್ಪಿದ್ದರೆ ಆ ಭಾಗವನ್ನು ಕತ್ತರಿಸಿರುತ್ತಾರೆ. ಒಂದು ಗಂಟೆಯ ಕೆಲಸವು ವೇಗವಾಗಿ ಓಡಿ ಐದು ನಿಮಿಷದಲ್ಲಿ ಮುಗಿದುಹೋಗುವುದರಿಂದ, ಎಲ್ಲಿ ತಾಳ್ಮೆ ಬೇಕು, ಎಲ್ಲಿ ಉಸಿರು ಬಿಗಿಹಿಡಿಯಬೇಕು ಎಂಬುದು ಕಲಿಯುವವರಿಗೆ ಹೊಳೆಯುವುದಿಲ್ಲ. ಮತ್ತೂ ಒಂದು ಸೂಕ್ಷ್ಮವಿದೆ. ಆ ಪಾಠಗಳನ್ನು ಸಾಮಾನ್ಯವಾಗಿ ಕ್ಯಾಮೆರಾವನ್ನು ನೆತ್ತಿಯ ಮೇಲೆ ನಿಲ್ಲಿಸಿ ಚಿತ್ರೀಕರಿಸುತ್ತಾರೆ. ಆದುದರಿಂದ ವೃತ್ತವು ವೃತ್ತವಾಗಿಯೇ ಕಾಣುತ್ತದೆ. ರಂಗೋಲಿ ಹಾಕುವವಳು ಆ ಸ್ಥಾನದಿಂದ ತನ್ನ ಚಿತ್ರವನ್ನು ಎಂದೂ ಕಾಣಲಾರಳು. ಅವಳು ಒಂದು ಅಂಚಿನಲ್ಲಿ ಬಾಗಿ ಕುಳಿತು, ಹಿಂದಕ್ಕೆ ಸರಿಯುತ್ತ ಎಳೆಯುವವಳು. ಅವಳ ಕಣ್ಣಿಗೆ ಹತ್ತಿರದ ಭಾಗ ಹಿಗ್ಗಿಯೂ ದೂರದ ಭಾಗ ಕುಗ್ಗಿಯೂ ತೋರುತ್ತದೆ. ಮೊಬೈಲಿನಲ್ಲಿ ನೋಡಿದ ಮುಖವನ್ನು ಅಂಗಳದಲ್ಲಿ ಇಳಿಸಿದಾಗ ಹಣೆ ಉದ್ದವಾಗಿ ಗದ್ದ ಮೊಟಕಾಗುವುದಕ್ಕೆ ಕಾರಣ ಇದೇ. ಆಗಾಗ ಎದ್ದು ನಿಂತು, ಸುತ್ತ ನಡೆದು, ನಾಲ್ಕು ದಿಕ್ಕಿನಿಂದಲೂ ನೋಡಬೇಕೆಂಬ ಪಾಠವನ್ನು ತೆರೆಯ ಮೇಲಿನ ಕೈ ಹೇಳಿಕೊಡದು. ಅದನ್ನು ಹೇಳುವವರು ಕಟ್ಟೆಯ ಮೇಲೆ ಕುಳಿತ ಹಿರಿಯರು: ‘ಎದ್ದ್ ನೋಡವ್ವ, ಸೊಟ್ಟ ಆಗ್ಯಾದ.’

ನೆಲದ ವಿಷಯವನ್ನೂ ತೆರೆ ಕಲಿಸುವುದಿಲ್ಲ. ಶಹಾಬಾದಿನ ಫರಸಿ ನಾಡಿನಾಚೆಗೂ ಹೋಗಿ ನಿಲ್ದಾಣಗಳ ಹಾಸಾಗಿ, ಮನೆಗಳ ಮೆಟ್ಟಿಲಾಗಿ ನೆಲೆಸಿದೆ. ಪದರಪದರವಾಗಿ ಏಳುವ ಈ ಸುಣ್ಣಗಲ್ಲು ಕಟ್ಟಡಕ್ಕೆ ಎಷ್ಟು ಅನುಕೂಲವೋ ಚಿತ್ರಕ್ಕೂ ಅಷ್ಟೇ ಅನುಕೂಲವೆಂಬುದನ್ನು ಈ ಸೀಮೆಯ ಜನ ಬಹಳ ಹಿಂದೆಯೇ ಕಂಡುಕೊಂಡರು. ಚಿತ್ತಾಪುರ ತಾಲ್ಲೂಕಿನಲ್ಲಿಯೇ, ಭೀಮೆಯ ದಡದ ಸನ್ನತಿಗೆ ಹೊಂದಿಕೊಂಡಿರುವ ಕನಗನಹಳ್ಳಿಯ ಸ್ತೂಪಕ್ಕೆ ಹೊದಿಸಿದ ಶಿಲ್ಪಫಲಕಗಳು ಸುಣ್ಣಗಲ್ಲಿನವು. ಬ್ರಾಹ್ಮೀ ಲಿಪಿಯಲ್ಲಿ ಹೆಸರನ್ನು ಕೆತ್ತಿರುವ ಅಶೋಕನ ಪ್ರಸಿದ್ಧ ಶಿಲ್ಪ ದೊರೆತದ್ದು ಅಲ್ಲಿ. ಅಲ್ಲಿಯ ದಾನಶಾಸನಗಳನ್ನು ನೋಡಿದರೆ ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು ತಮ್ಮ ತಮ್ಮ ಪಾಲಿನ ಕಲ್ಲುಗಳನ್ನು ಕೊಟ್ಟು ಆ ಸ್ತೂಪವನ್ನು ಸಮುದಾಯದ ಕೃತಿಯನ್ನಾಗಿ ಮಾಡಿದರೆಂಬುದು ತಿಳಿಯುತ್ತದೆ. ಇನ್ನು ಅಂಗಳದ ಫರಸಿಗೆ ಬರೋಣ. ಅದರ ಬಣ್ಣ ನೀಲಿ ಬೆರೆತ ಬೂದು. ಬಿಳುಪೂ ಅಲ್ಲ, ಕಪ್ಪೂ ಅಲ್ಲ, ನಡುವಣ ಛಾಯೆ. ಚಿತ್ರಕಾರರು ಪಟಕ್ಕೆ ಮೊದಲು ಮಧ್ಯಮ ಛಾಯೆಯೊಂದನ್ನು ಬಳಿದುಕೊಂಡು, ಅದರ ಮೇಲೆ ಬೆಳಕಿಗೆ ಬಿಳುಪನ್ನೂ ನೆರಳಿಗೆ ಕಪ್ಪನ್ನೂ ಇಡುವುದುಂಟಷ್ಟೆ. ಇಲ್ಲಿಯವರಿಗೆ ಆ ಛಾಯೆ ನೆಲದಲ್ಲಿಯೇ ಸಿದ್ಧವಾಗಿ ದೊರೆಯುತ್ತದೆ. ವ್ಯಕ್ತಿಚಿತ್ರದ ಕೆನ್ನೆಯ ನೆರಳಿಗೆ ಪುಡಿಯನ್ನೇ ಹಾಕದೆ ಕಲ್ಲನ್ನು ಹಾಗೆಯೇ ಬಿಟ್ಟರೂ ನಡೆಯುತ್ತದೆ. ಹೊಳಪು ಕೊಡದ ಫರಸಿಗೆ ತುಸು ತರಿ ಇರುವುದರಿಂದ ಪುಡಿ ಜಾರದೆ ನಿಲ್ಲುತ್ತದೆ. ಹೊಸ ಮನೆಗಳ ನುಣುಪಾದ ಬಿಳಿಯ ಟೈಲ್ಸಿನ ಮೇಲೆ ಈ ಎರಡು ಗುಣಗಳೂ ಇಲ್ಲ: ಬಿಳಿಯ ಚುಕ್ಕಿ ಕಾಣುವುದಿಲ್ಲ, ಗಾಳಿ ಬೀಸಿದರೆ ಗೆರೆ ನಿಲ್ಲುವುದಿಲ್ಲ. ಸೆಗಣಿ ಸಾರಿಸಿದ ಹಸಿ ನೆಲಕ್ಕೆ ಬೇರೆಯೇ ಹದ; ಅದು ಪೂರ್ತಿ ಆರುವ ಮೊದಲೇ ಪುಡಿ ಬಿಟ್ಟರೆ ಗೆರೆ ಕಚ್ಚಿಕೊಳ್ಳುತ್ತದೆ. ಸ್ಪರ್ಧೆಗೆ ಮುಂಚಿನ ಅಭ್ಯಾಸವನ್ನು ಯಾವ ನೆಲದ ಮೇಲೆ ಮಾಡಿದೆವೋ ಸ್ಪರ್ಧೆಯ ನೆಲವೂ ಅಂಥದೇ ಇರುವುದೆಂಬ ಭರವಸೆಯಿಲ್ಲವಾದ ಕಾರಣ, ಬಲ್ಲವರು ಹಿಂದಿನ ಸಂಜೆಯೇ ಹೋಗಿ ಅಂಗಳವನ್ನು ಅಂಗೈಯಿಂದ ಸವರಿ ನೋಡಿ ಬರುತ್ತಾರೆ.

ಇಷ್ಟೆಲ್ಲ ಶ್ರಮಕ್ಕೆ ಪ್ರೇರಣೆ ಬಹುಮಾನವೆ? ಬಹುಮಾನವೆಂದರೆ ಸ್ಟೀಲಿನ ಡಬ್ಬಿಯೋ ಪ್ರಮಾಣಪತ್ರವೋ ಇದ್ದೀತು. ಅದಕ್ಕಾಗಿ ಯಾರೂ ಇರುಳು ನಿದ್ದೆಗೆಡುವುದಿಲ್ಲ. ನೋಡುವ ಕಣ್ಣುಗಳಿವೆಯೆಂಬ ಅರಿವೇ ನಿಜವಾದ ಪ್ರೇರಣೆಯೆಂದು ನನಗೆ ತೋರುತ್ತದೆ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ತನ್ನ ಕೈಯನ್ನು ಪಳಗಿಸಿಕೊಳ್ಳಲೆಂದು ಅಕ್ಟೋಬರ್ ತಿಂಗಳ ಮೂವತ್ತೊಂದು ದಿನವೂ ದಿನಕ್ಕೊಂದು ಮಸಿಯ ಚಿತ್ರ ಬರೆಯುವ ಸಂಕಲ್ಪ ಮಾಡಿದ. ‘ಇಂಕ್‌ಟೋಬರ್’ ಎಂಬ ಹೆಸರಿನಿಂದ ಅದು ಇಂದು ಜಗತ್ತಿನ ಅಸಂಖ್ಯ ಜನರು ಕೂಡಿ ಆಚರಿಸುವ ವ್ರತವಾಗಿದೆ. ನಮ್ಮ ದಕ್ಷಿಣದ ಮನೆಗಳಲ್ಲಿ ಧನುರ್ಮಾಸದುದ್ದಕ್ಕೂ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ, ಪ್ರತಿದಿನ ಬೆಳಕು ಹರಿಯುವ ಮುನ್ನ ನಿನ್ನೆಯದಲ್ಲದ ಹೊಸ ರಂಗೋಲಿಯನ್ನು ಇಡುವ ಪದ್ಧತಿ ಇದಕ್ಕಿಂತ ಎಷ್ಟೋ ಹಳೆಯದು. ಆಹ್ವಾನಪತ್ರವಿಲ್ಲ, ತೀರ್ಪುಗಾರರಿಲ್ಲ, ಹಾಲು ತರಲು ಹೋಗುವವರು ಎದುರುಮನೆಯ ಅಂಗಳದ ಮುಂದೆ ಒಂದು ಕ್ಷಣ ನಿಂತರೆ ಅದೇ ಸಾಕು. ಭಾರತ ಸರ್ಕಾರವು ಸ್ವಾತಂತ್ರ್ಯದ ಅಮೃತ ಮಹೋತ್ಸವದ ಅಂಗವಾಗಿ ದೇಶಭಕ್ತಿಗೀತೆ ಮತ್ತು ಲಾಲಿಹಾಡಿನ ರಚನೆಗಳೊಡನೆ ರಂಗೋಲಿಯನ್ನೂ ಸೇರಿಸಿ ಏರ್ಪಡಿಸಿದ ಸ್ಪರ್ಧೆಗಳಲ್ಲಿ 700ಕ್ಕೂ ಹೆಚ್ಚು ಜಿಲ್ಲೆಗಳ ಐದು ಲಕ್ಷಕ್ಕೂ ಮಿಕ್ಕಿದ ಜನ ಭಾಗವಹಿಸಿದರು. 2023ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾದಾಗ ಲಾಲಿಯ ವಿಭಾಗದ ಪ್ರಥಮ ಬಹುಮಾನ ಚಾಮರಾಜನಗರದ ಕನ್ನಡಿಗರೊಬ್ಬರಿಗೆ ಬಂದಿತು. ತಾಯಂದಿರ ಹಾಡಿಗೂ ಅಂಗಳದ ಚಿತ್ರಕ್ಕೂ ದೇಶಗೀತೆಯ ಸಮಾನವಾದ ಪೀಠ ದೊರೆತದ್ದು ಸಂತೋಷದ ಸಂಗತಿ.

ಹೀಗಿದ್ದೂ ನಮ್ಮ ಸ್ಪರ್ಧೆಗಳ ನಡೆಯಲ್ಲಿ ಒಂದು ವಿಷಯ ನನ್ನನ್ನು ಬಹಳವಾಗಿ ಕಾಡುತ್ತದೆ. ನಾಲ್ಕಡಿ ಚೌಕ, ಎರಡು ಗಂಟೆಯ ಅವಧಿ, ಮತದಾನವೋ ಪರಿಸರವೋ ಹೆಣ್ಣುಮಗುವಿನ ರಕ್ಷಣೆಯೋ ಒಂದು ವಿಷಯ. ಇಷ್ಟನ್ನು ಗೊತ್ತುಮಾಡಿದಲ್ಲಿ ಗೆಲ್ಲುವುದು ಸಾಮಾನ್ಯವಾಗಿ ವ್ಯಕ್ತಿಚಿತ್ರವೋ ಭಿತ್ತಿಪತ್ರದಂಥ ಸಂದೇಶಚಿತ್ರವೋ. ಚುಕ್ಕಿಯ ರಂಗೋಲಿಯನ್ನು ಹಾಕಿದವಳ ಚೌಕದ ಮುಂದೆ ತೀರ್ಪುಗಾರರು ಬಹುಹೊತ್ತು ನಿಲ್ಲುವುದಿಲ್ಲ. ಅದು ದಿನನಿತ್ಯದ್ದು, ಅಜ್ಜಿಯರದ್ದು ಎಂಬ ಭಾವನೆ. ವಿದ್ಧಚಿತ್ರದ ಗೌರವ ವಿದ್ಧಚಿತ್ರಕ್ಕೆ ಇರಲಿ. ಆದರೆ ಮುಖವನ್ನು ನೋಡಿ ಮುಖವನ್ನು ಬರೆಯುವುದಕ್ಕಿಂತ, ಎದುರಿಗೆ ಏನೂ ಇಲ್ಲದೆ ನೂರರವತ್ತೊಂಬತ್ತು ಚುಕ್ಕಿಗಳ ನಡುವೆ ಒಂದೇ ಎಳೆಯನ್ನು ನಡೆಸಿ, ಹೊರಟ ಚುಕ್ಕಿಗೇ ಮರಳಿಸುವುದು ಯಾವ ರೀತಿಯಲ್ಲಿಯೂ ಕಿರಿದಾದ ಸಾಧನೆಯಲ್ಲ. ಬಹುಮಾನ ಎತ್ತ ಹೋಗುವುದೋ ಕಲಿಕೆಯೂ ಅತ್ತ ಹರಿಯುತ್ತದೆ. ಮೊಬೈಲಿನಲ್ಲಿ ಛಾಯೆಯ ಉಪಾಯಗಳನ್ನು ಹುಡುಕುವ ಹುಡುಗಿ, ತನ್ನ ಅಜ್ಜಿಯ ಬೆರಳುಗಳಲ್ಲಿರುವ, ಯಾವ ತೆರೆಯ ಮೇಲೂ ಏರದ, ಈ ಓಣಿಗಷ್ಟೇ ಸೇರಿದ ಎಳೆಗಳನ್ನು ಕೇಳಿಕೊಳ್ಳದೆ ಉಳಿದರೆ ಆ ನಷ್ಟವನ್ನು ತುಂಬಿಕೊಡುವ ಪಾಠ ಎಲ್ಲಿಯೂ ಸಿಗದು.

ಆದುದರಿಂದ ಪ್ರತಿಭಾ ಕಾರಂಜಿಯಲ್ಲಿಯೂ ಊರಹಬ್ಬದ ಸ್ಪರ್ಧೆಗಳಲ್ಲಿಯೂ ಚುಕ್ಕಿಯ ರಂಗೋಲಿಗೆ ಪ್ರತ್ಯೇಕವಾದ ವಿಭಾಗವೊಂದಿರಬೇಕು. ಅದರ ತೀರ್ಪಿಗೆ ಆ ಊರಿನ ಹಿರಿಯ ಹೆಣ್ಣುಮಕ್ಕಳಲ್ಲಿ ಇಬ್ಬರನ್ನಾದರೂ ಕರೆಯಬೇಕು. ಚುಕ್ಕಿಯ ಲೆಕ್ಕವನ್ನು ಮುಂಚಿತವಾಗಿ ತಿಳಿಸದೆ ಸ್ಪರ್ಧೆಯ ಅಂಗಳದಲ್ಲಿಯೇ, ಹದಿಮೂರರಿಂದ ಏಳು ಸಂದು ಚುಕ್ಕಿಯೆಂದೋ ಒಂಬತ್ತಕ್ಕೆ ಒಂಬತ್ತು ನೇರ ಚುಕ್ಕಿಯೆಂದೋ, ಎಲ್ಲರಿಗೂ ಒಂದನ್ನೇ ಕೊಡಲಿ. ಮೊಬೈಲುಗಳನ್ನು ಬದಿಗಿಟ್ಟು ಎಲ್ಲರೂ ಅಷ್ಟೇ ಚುಕ್ಕಿಗಳಿಂದ ಆರಂಭಿಸಲಿ. ಯಾರ ಎಳೆ ಎತ್ತ ಹೋಗುವುದೋ ನೋಡೋಣ. ಮುಗಿದ ಮೇಲೆ ಆ ಅಜ್ಜಿಯರ ಕೈಯನ್ನೂ ಮೊಮ್ಮಕ್ಕಳು ತಮ್ಮ ಮೊಬೈಲಿನಲ್ಲಿ, ಅವಸರಪಡಿಸದೆ, ತಪ್ಪಿದ್ದನ್ನೂ ತಿದ್ದಿದ್ದನ್ನೂ ಕತ್ತರಿಸದೆ, ಇಲ್ಲಿಯ ಮಾತಿನಲ್ಲಿಯೇ ವಿವರಣೆ ಹೇಳಿಸಿ ಚಿತ್ರೀಕರಿಸಿಕೊಳ್ಳಲಿ. ಮುಂದಿನ ಸಂಕ್ರಾಂತಿಗೆ ಸೋಲಾಪುರದವರೂ ಹೈದರಾಬಾದಿನವರೂ ಅದನ್ನು ನೋಡಿ ಕಲಿಯಲಿ.